ಠಾಣೆಯಲ್ಲಿ ನಾನು ಮಾಡಿದ ಸತ್ಕಾರ

ಇಳಕಲ್ಲಿನ ಬಜಾರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಇಳಕಲ್ ಅಂದ ಕೂಡಲೇ ನೀವು ಸೀರೆ ಅಂಗಡಿ ಅಂದುಕೊಳ್ಳುತ್ತೀರಿ. ಅಲ್ಲ. ನಾನು ಮಾರುವುದು ಸತ್ಕಾರದ ಸಾಮಾನು: ಶಾಲು, ಪೇಟಾ, ಗಂಧದ ಹಾರ, ಏಲಕ್ಕಿ ಹಾರ, ಹೆಸರು ಕೊರೆದ ನೆನಪಿನ ಕಾಣಿಕೆ, ಹಣ್ಣಿನ ಬುಟ್ಟಿಗೆ ಸುತ್ತುವ ಜಿಗಿಜಿಗಿ ಹಾಳೆ. ನಮ್ಮ ಭಾಗದಲ್ಲಿ ಈ ವ್ಯಾಪಾರಕ್ಕೆ ಮಳೆಬೆಳೆಯ ಹಂಗಿಲ್ಲ. ಯಾರೋ ವರ್ಗವಾಗಿ ಬರುತ್ತಾರೆ, ಯಾರೋ ವರ್ಗವಾಗಿ ಹೋಗುತ್ತಾರೆ, ಯಾರೋ ಎಲ್ಲಿಗೂ ಹೋಗದೆ ಇಲ್ಲೇ ಉಳಿಯುತ್ತಾರೆ. ಮೂವರಿಗೂ ಸತ್ಕಾರ ಆಗಬೇಕು. ಎಲ್ಲರಿಗೂ ಹೆಗಲಿದೆ, ಹೆಗಲಿದ್ದ ಮೇಲೆ ಶಾಲು ಬೇಕು. ನನ್ನ ತತ್ವಜ್ಞಾನ ಇಷ್ಟೇ, ಇದರಲ್ಲೇ ಮನೆ ನಡೆದಿದೆ.

ಶಾಲು ನಮ್ಮಲ್ಲಿ ಕೊಂಡವರಿಗೆ ನಿರೂಪಣೆ ಪುಕ್ಕಟೆ. ನನ್ನ ದನಿ ದೊಡ್ಡದು, ಮೈಕು ಕೆಟ್ಟರೂ ಕಾರ್ಯಕ್ರಮ ನಿಲ್ಲುವುದಿಲ್ಲ. ದಕ್ಷ, ಪ್ರಾಮಾಣಿಕ, ಜನಸ್ನೇಹಿ, ಸರಳ ಸಜ್ಜನ ಎಂಬ ನಾಲ್ಕು ಮಾತುಗಳನ್ನು ಹಿಂದೆ ಮುಂದೆ ಮಾಡಿ ನಾನು ಯಾರನ್ನು ಬೇಕಾದರೂ ಹೊಗಳಬಲ್ಲೆ. ಒಮ್ಮೆ ಊರಿಗೆ ಬಂದು ಇನ್ನೂ ಕುರ್ಚಿಯಲ್ಲಿ ಕೂರದ ಅಧಿಕಾರಿಯೊಬ್ಬರ ಅಪಾರ ಜನಸೇವೆಯನ್ನು ಬಣ್ಣಿಸಿ, ಅವರ ಕಣ್ಣಲ್ಲೇ ನೀರು ತರಿಸಿದ್ದೆ. ನನ್ನ ಹೆಂಡತಿಗೆ ಇದೆಲ್ಲ ಅಷ್ಟಕ್ಕಷ್ಟೇ. "ನಿಮ್ಮ ಮುಂದ ಯಮ ಬಂದು ನಿಂತ್ರೂ ಮೊದಲ ಶಾಲು ಹೊಚ್ಚಿ, ಆಮ್ಯಾಲ ಯಾಕ ಬಂದ್ರಿ ಅಂತ ಕೇಳ್ತೀರಿ" ಅನ್ನುತ್ತಾಳೆ. ನಾನು ಅದನ್ನು ಹೊಗಳಿಕೆ ಅಂತಲೇ ತಿಳಿದಿದ್ದೆ.

ನನ್ನ ಅಕ್ಕ ಕಮತಗಿಯಲ್ಲಿದ್ದಾಳೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಅವಳ ಒಬ್ಬನೇ ಮಗ, ಅಂದರೆ ನನ್ನ ಅಳಿಯ, ಊರೂರಿಗೆ ಮಂದಿಯನ್ನು ಒಯ್ಯುವ ಮೂರು ಗಾಲಿಯ ಟಂಟಂ ಹೊಡೆಯುತ್ತಾನೆ. ಮಾತು ಕಡಿಮೆ, ನನ್ನನ್ನು ಹೋಲುವುದಿಲ್ಲ. ಒಂದು ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಪೊಲೀಸನು ಬಾಳೆಹಣ್ಣಿನ ಗಾಡಿಯನ್ನು ಒದ್ದು ಉರುಳಿಸಿ, ಗಾಡಿಯವನಿಗೆ ಲಾಠಿಯಿಂದ ಹೊಡೆಯುವುದನ್ನು ಇವನು ಮೊಬೈಲಿನಲ್ಲಿ ಹಿಡಿದ. ಹಿಡಿದವನು ಸುಮ್ಮನಿರದೆ ಟಂಟಂನವರ ಗುಂಪಿಗೆ ಕಳಿಸಿದ. ಮರುದಿನ ಮುಂಜಾನೆ ಮಂದಿಯನ್ನು ಹತ್ತಿಸಿಕೊಳ್ಳುತ್ತಿದ್ದವನನ್ನು ಸೀಟಿನಿಂದಲೇ ಇಳಿಸಿ ಜೀಪಿನಲ್ಲಿ ಒಯ್ದರು. ಯಾವ ಊರಿನ ಠಾಣೆ ಅಂತ ಇಲ್ಲಿ ಬರೆಯುವುದಿಲ್ಲ. ನಾನು ಈಗ ಮೊದಲಿಗಿಂತ ಧೈರ್ಯವಂತನಾಗಿದ್ದೇನೆ, ಆದರೆ ಅಷ್ಟೊಂದಲ್ಲ.

ನಾನು ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಅಕ್ಕ ಬಂದು ನಿಂತಿದ್ದಳು.

"ತಮ್ಮಾ, ಅವನ್ನ ಕರಕೊಂಡು ಹೋಗ್ಯಾರ. ಯಾಕ ಅಂತ ಕೇಳಿದ್ರ ಯಾರೂ ಹೇಳವಲ್ರು."

"ನಾ ಅದೇನಿ. ನೀ ಯಾಕ ಅಳ್ತಿ?" ಅಂದೆ.

ಹೀಗನ್ನುವಾಗ ಕೌಂಟರಿನ ಹಿಂದೆ ನನ್ನ ಮೊಣಕಾಲು ನಡುಗುತ್ತಿದ್ದವು. ಕೌಂಟರಿನ ಅನುಕೂಲ ಏನೆಂದರೆ ಅದು ಎದುರಿನವರಿಗೆ ಕಾಣುವುದಿಲ್ಲ. ಖರೆ ಹೇಳಬೇಕೆಂದರೆ ನಾನು ಠಾಣೆಗೆ ಹೋಗಿದ್ದೆಲ್ಲ ಕೈಯಲ್ಲಿ ಹಾರ ಹಿಡಿದೇ. ಬರಿಗೈಯಲ್ಲಿ ಆ ಮೆಟ್ಟಿಲು ಹತ್ತುವುದು ಹೇಗೆ, ಹತ್ತಿದ ಮೇಲೆ ಏನು ಕೇಳುವುದು, ನನಗೆ ಗೊತ್ತೇ ಇರಲಿಲ್ಲ. ಕೂತು ವಿಚಾರ ಮಾಡಿದೆ. ಆ ಠಾಣೆಗೆ ಹೊಸ ಸಾಹೇಬರು ಬಂದು ಕೆಲವು ತಿಂಗಳಾಗಿತ್ತು. ನಮ್ಮ ಕಡೆಯಿಂದ ಅವರ ಮೇಲೆ ಒಂದು ಶಾಲೂ ಬಿದ್ದಿರಲಿಲ್ಲ. ಇದಕ್ಕೇ ಅಳಿಯನನ್ನು ಒಯ್ದಿದ್ದಾರೆ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿಯಾಯಿತು.

ಅಕ್ಕನನ್ನು ಕರೆದುಕೊಂಡು ಮನೆಗೆ ಹೋಗಿ ಹೆಂಡತಿಗೆ ನನ್ನ ಯೋಜನೆ ಹೇಳಿದೆ. ಅವಳು ಅಕ್ಕನಿಗೆ ಚಹಾ ಸೋಸುತ್ತಿದ್ದವಳು ಸೋಸುವುದನ್ನು ನಿಲ್ಲಿಸಿದಳು.

"ಬಾಳಿಹಣ್ಣಿನ ಗಾಡಿ ಒದ್ದದ್ದಕ್ಕ ಸತ್ಕಾರ ಏನ್ರಿ?"

"ನಿನಗ ತಿಳಿಯೂದಿಲ್ಲ ಸುಮ್ಮನಿರು. ಮಾತು ಬಲ್ಲವಗ ಜಗಳಿಲ್ಲ."

"ಬಾಗಲಕೋಟ್ಯಾಗ ಆ ನಾಗರಿಕ ಹಕ್ಕಿನ ಸಂಘಟನೆಯವರು ಅದಾರಲ್ಲ, ಅವರ ಕಡೆ ಹೋಗ್ರಿ. ಹೋದ ವರ್ಷ ಇಲ್ಲಿ ಬಂದು ಸಭಾ ಮಾಡಿದ್ದಿಲ್ಲೇನು?"

ಆ ಸಭೆ ನನಗೆ ಚೆನ್ನಾಗಿ ನೆನಪಿತ್ತು. ಸಂಜೆಪೂರ್ತಿ ಒಂದು ಶಾಲು ಇಲ್ಲ, ಒಂದು ಹಾರ ಇಲ್ಲ. ಬಂದ ಅತಿಥಿಗಳಿಗೆ ಒಂದೊಂದು ಪುಸ್ತಕ ಕೊಟ್ಟು ಕೂರಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ, ಈ ಜನ ಹೆಚ್ಚಾದರೆ ನನ್ನ ಅಂಗಡಿಗೆ ಬೀಗವೇ ಗತಿ ಅನ್ನಿಸಿತ್ತು. ಅಂಥವರ ಹತ್ತಿರ ನಾನು ಹೋಗುವುದೇ? "ಅವರನ್ನ ಕರದ್ರ ಸಾಹೇಬ್ರಿಗೆ ಸಿಟ್ಟು ಬರತೈತಿ" ಎಂದು ಹೇಳಿ, ಇದ್ದುದರಲ್ಲಿ ಚಲೋ ಶಾಲು ಆರಿಸತೊಡಗಿದೆ.

ಬಜಾರದ ನಾಲ್ಕು ಮಂದಿ ಹಿರಿಯರನ್ನು ಕಟ್ಟಿಕೊಂಡು ಠಾಣೆಗೆ ಹೋದೆವು. ಫೋಟೋದವನನ್ನೂ ಕರೆದಿದ್ದೆ. ಅಕ್ಕ ನಮ್ಮ ಹಿಂದೆ ಹಿಂದೆ ಮೆಟ್ಟಿಲವರೆಗೂ ಬಂದಳು.

"ನಾನೂ ಒಳಗ ಬರ್ತೇನಿ."

"ಬ್ಯಾಡಬೇ ಅಕ್ಕಾ. ನೀ ಬಂದು ಅತ್ತು ಕರದು ಮಾಡಿದ್ರ ಕಾರ್ಯಕ್ರಮ ಕೆಡತೈತಿ. ಹೊರಗ ಕೂಡು, ನಾ ಎಲ್ಲಾ ನೋಡ್ಕೋತೇನಿ."

ಕಾರ್ಯಕ್ರಮ ಅಂದೆ ನಾನು. ಬಾಯಿತಪ್ಪಿ ಬಂದ ಮಾತಲ್ಲ, ನನ್ನ ಮನಸ್ಸಿನಲ್ಲಿ ಅದು ಕಾರ್ಯಕ್ರಮವೇ ಆಗಿತ್ತು. ಅವಳು ಎದುರಿನ ಚಹಾದಂಗಡಿಯ ಬೇವಿನ ಗಿಡದ ಕೆಳಗೆ ಹೋಗಿ ಕೂತಳು.

ಕಾರ್ಯಕ್ರಮ ಮಾತ್ರ ಭರ್ಜರಿಯಾಯಿತು. ಸಾಹೇಬರು ಮೊದಲು ಗಾಬರಿಯಾದರು, ಆಮೇಲೆ ಟೊಪ್ಪಿಗೆ ಸರಿ ಮಾಡಿಕೊಂಡು ಎದ್ದು ನಿಂತರು. ಪೇಟಾ ಇಟ್ಟೆ, ಶಾಲು ಹೊಚ್ಚಿದೆ, ಏಲಕ್ಕಿ ಹಾರ ಹಾಕಿದೆ, ಹಣ್ಣಿನ ಬುಟ್ಟಿ ಕೊಟ್ಟೆ. ನನ್ನ ನಾಲ್ಕು ಮಾತುಗಳ ಜೊತೆ ಅಂದು ಐದನೆಯದೊಂದೂ ಹುಟ್ಟಿತು: ಬಡವರ ಬಂಧು. ಠಾಣೆಯ ಗೋಡೆಗಳಿಗೆ ನನ್ನ ದನಿ ಬಡಿದು ಮರಳಿ ನನಗೇ ಕೇಳಿಸುತ್ತಿತ್ತು, ಅದರಿಂದ ಇನ್ನಷ್ಟು ಹುರುಪು ಬಂತು. ಚೀಲದಲ್ಲಿ ಒಂದು ಶಾಲು ಹೆಚ್ಚಿಗೆ ಉಳಿದಿತ್ತು. ಸುಮ್ಮನೆ ಯಾಕೆ ಮರಳಿ ಒಯ್ಯುವುದೆಂದು, ಬಾಗಿಲ ಹತ್ತಿರ ನಿಂತಿದ್ದ ಪೊಲೀಸನೊಬ್ಬನಿಗೆ ಅದನ್ನು ಹೊಚ್ಚಿದೆ. ಅವನೇ ವಿಡಿಯೋದಲ್ಲಿದ್ದವನು ಎಂದು ನನಗೆ ಆಮೇಲೆ ಗೊತ್ತಾಯಿತು. ವಿಡಿಯೋ ನಾನೂ ನೋಡಿದ್ದೆ, ಆದರೆ ಅದರಲ್ಲಿ ಅವನ ಬೆನ್ನಷ್ಟೇ ಕಾಣುತ್ತಿತ್ತು. ಠಾಣೆಯಲ್ಲಿ ನಾನು ಅವನನ್ನು ಎದುರಿನಿಂದ ನೋಡಿದೆ.

ಚಹಾ ಬಂತು. ಕಪ್ಪು ಖಾಲಿ ಮಾಡುತ್ತ, ಏನೋ ಈಗಷ್ಟೇ ನೆನಪಾದವನಂತೆ, "ಸಾಹೇಬ್ರ, ನಮ್ಮ ಹುಡುಗ ಒಬ್ಬಾಂವ ಇಲ್ಲಿ ಏನೋ…" ಎಂದೆ.

"ಯಾವ ಹುಡುಗ? ಹಂಗ ಯಾರೂ ಇಲ್ಲಲ್ಲ ಇಲ್ಲಿ. ಇರ್ಲಿ, ನೋಡೋಣಂತ."

ನನಗೆ ಅಷ್ಟೇ ಸಾಕಾಯಿತು. ಯಾರೂ ಇಲ್ಲದಿದ್ದರೆ ನೋಡುವುದು ಏನನ್ನು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಹೊರಗೆ ಬಂದು ಅಕ್ಕನಿಗೆ, "ಕೆಲಸ ಆತು. ಸಂಜಿಗೆ ಮನ್ಯಾಗ ಇರ್ತಾನ" ಎಂದೆ. ಅವಳು ಅಲ್ಲಿಯೇ ಸೆರಗೊಡ್ಡಿ ದೇವರಿಗೆ ಕೈಮುಗಿದಳು. ನಾನು ಅಂಗಡಿಗೆ ಹೋದವನೇ, ಸುದ್ದಿಯ ನಾಲ್ಕು ಸಾಲು ನಾನೇ ಬರೆದು ಫೋಟೋದ ಜೊತೆ ಪತ್ರಿಕೆಯವನಿಗೆ ಕಳಿಸಿದೆ.

ಸಂಜೆ ಅಳಿಯ ಬರಲಿಲ್ಲ. ಮುಂಜಾನೆ ಪತ್ರಿಕೆ ಬಂತು. "ಜನಸ್ನೇಹಿ ಅಧಿಕಾರಿಗೆ ಸತ್ಕಾರ" ಎಂಬ ತಲೆಬರಹದ ಕೆಳಗೆ ಸಾಹೇಬರು, ಅವರ ಮಗ್ಗುಲಿಗೆ ಹಲ್ಲು ಕಿಸಿದ ನಾನು. ಅಕ್ಕ ರಾತ್ರಿ ನಮ್ಮ ಮನೆಯಲ್ಲೇ ಇದ್ದವಳು, ಪತ್ರಿಕೆಯನ್ನು ನೋಡಿ ಮಡಿಚಿ ಬದಿಗಿಟ್ಟಳು. ಹೆಂಡತಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, "ಬಾಗಲಕೋಟಿ ಬಸ್ಸಿಗೆ ಇನ್ನೂ ಟೈಮ್ ಐತಿ. ಈ ಸಲ ಏನೂ ಒಯ್ಯಬ್ಯಾಡ್ರಿ" ಎಂದಳು.

ಆದರೂ ಒಯ್ದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಸಂಘಟನೆಯಲ್ಲಿ ಒಬ್ಬ ಹೆಣ್ಣುಮಗಳು ವಕೀಲರಿದ್ದಾರೆ ಎಂದು ಕೇಳಿದ್ದರಿಂದ, ಗುಳೇದಗುಡ್ಡದ ಒಂದು ಕುಪ್ಪಸದ ಖಣ ಮತ್ತು ಒಂದು ಶಾಲನ್ನು ರೊಟ್ಟಿ ಗಂಟಿನ ಕೆಳಗೆ ಮುಚ್ಚಿಟ್ಟುಕೊಂಡೆ.

ಬಾಗಲಕೋಟೆಯ ನವನಗರದಲ್ಲಿ ಹಿಟ್ಟಿನ ಗಿರಣಿಯೊಂದರ ಮೇಲಿನ ಖೋಲಿ ಅವರ ಕಚೇರಿ. ಗಿರಣಿ ತಿರುಗುವಾಗ ಕುರ್ಚಿಯೂ ಸಣ್ಣಗೆ ನಡುಗುತ್ತಿತ್ತು, ಅದರಿಂದ ನನ್ನ ನಡುಕ ನನಗೊಬ್ಬನಿಗೇ ಗೊತ್ತಾಯಿತು. ವಕೀಲರು ನಲವತ್ತರ ಆಸುಪಾಸಿನವರು. ಅಕ್ಕನೂ ನಾನೂ ಕೂತ ಕೂಡಲೇ ನಾನು ಎದ್ದು, ಗಂಟಲು ಸರಿಮಾಡಿಕೊಂಡು, ಖಣ ಮತ್ತು ಶಾಲು ತೆಗೆದೆ. ಅವರು ಕೈ ಅಡ್ಡ ಹಿಡಿದರು.

"ಅಣ್ಣಾರ, ಅದು ಬ್ಯಾಡ್ರಿ. ಒಳಗ ಇಡ್ರಿ."

ನಮ್ಮ ಪೈಕಿ, ಕೊಟ್ಟದ್ದನ್ನು ತಗೊಳ್ಳಲಿಲ್ಲ ಅಂದರೆ ಕೆಲಸ ಆಗುವುದಿಲ್ಲ ಎಂದೇ ಅರ್ಥ. ಅಕ್ಕನೂ ಹಾಗೇ ತಿಳಿದಳು. "ನಡಿ ತಮ್ಮಾ, ಇಲ್ಲೂ ಆಗಾಂಗಿಲ್ಲ" ಎಂದು ಎದ್ದೇಬಿಟ್ಟಳು.

"ಅಕ್ಕಾರ, ಕೂಡ್ರಿ. ಶಾಲು ಬ್ಯಾಡ ಅಂದೇನಿ, ಕೆಲಸ ಬ್ಯಾಡ ಅಂದಿಲ್ಲ" ಎಂದು ವಕೀಲರು ಅವಳ ಕೈ ಹಿಡಿದು ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅವನ್ನ ಅರೆಸ್ಟ್ ಮಾಡ್ಯಾರೋ, ಇಲ್ಲೋ?" ಎಂದರು.

"ನೋಡೋಣ ಅಂದಾರ್ರಿ."

"ಅರೆಸ್ಟ್ ಮಾಡಿದ್ರ ಕಾರಣ ಹೇಳಬೇಕು, ಮನಿಯವರಿಗೆ ತಿಳಿಸಬೇಕು, ಇಪ್ಪತ್ನಾಕು ತಾಸಿನೊಳಗ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಿಸಬೇಕು. ಮಾಡಿಲ್ಲಂದ್ರ ಮನಿಗೆ ಕಳಿಸಬೇಕು. ಎರಡರ ನಡುವ ನೋಡೋಣ ಅನ್ನೂದೊಂದು ಕಾನೂನಿನಾಗ ಇಲ್ರಿ. ನೀವು ಅವರನ್ನ ಏನಂತ ಕೇಳಿದ್ರಿ?"

ನಾನು ಕೇಳಿರಲಿಲ್ಲ. ಅಷ್ಟು ಹೊತ್ತು ಮಾತಾಡಿ ಬಂದಿದ್ದೆ, ಕೇಳಬೇಕಾದ ಒಂದೇ ಒಂದು ಮಾತನ್ನು ಕೇಳಿರಲಿಲ್ಲ.

ಅವರು ಅಕ್ಕನಿಂದ ಎಲ್ಲ ಕೇಳಿ, ಅವಳ ಮಾತಿನಲ್ಲೇ ಒಂದು ದೂರು ಬರೆದು ಸಹಿ ಹಾಕಿಸಿದರು. ಅದನ್ನು ಜಿಲ್ಲೆಯ ಮೇಲಿನ ಅಧಿಕಾರಿಗಳಿಗೂ ಮಾನವ ಹಕ್ಕು ಆಯೋಗಕ್ಕೂ ಕಂಪ್ಯೂಟರಿನಿಂದ ಕಳಿಸಿದರು. ಧಾರವಾಡದ ಹೈಕೋರ್ಟಿನಲ್ಲಿದ್ದ ತಮ್ಮ ಗೆಳೆಯ ವಕೀಲರೊಬ್ಬರಿಗೆ ಫೋನು ಮಾಡಿ, ಸಂಜೆಯೊಳಗೆ ಹುಡುಗ ಹೊರಗೆ ಬರದಿದ್ದರೆ ನಾಳೆಯೇ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬೇಕು, ಅಂದರೆ ಹಿಡಿದಿಟ್ಟ ಮನುಷ್ಯನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳಬೇಕು, ಎಂದು ಹೇಳಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, "ನಡೀರಿ, ಹೋಗೂಣು" ಎಂದರು. ನಮ್ಮ ಜೊತೆ ಅದೇ ಬಸ್ಸಿನಲ್ಲಿ ಬಂದರು. ಟಿಕೀಟು ನಾನು ತೆಗೆಯುತ್ತೇನೆಂದರೂ ಬಿಡಲಿಲ್ಲ. ಇಷ್ಟು ಸತ್ಕಾರಕ್ಕೆ ಸಿಗದ ಮನುಷ್ಯರನ್ನು ನಾನು ಕಂಡಿರಲಿಲ್ಲ, ನನಗೆ ಸ್ವಲ್ಪ ಸಿಟ್ಟೂ ಬಂತು.

ಠಾಣೆಯ ಮೆಟ್ಟಿಲ ಹತ್ತಿರ ಅವರು ಅಕ್ಕನನ್ನು ಮುಂದೆ ಬಿಟ್ಟರು. "ಮಗ ನಿಮ್ಮಾಂವ. ನೀವ ಕೇಳ್ರಿ. ನಾ ಮಗ್ಗಲದಾಗ ಇರ್ತೇನಿ."

ಅಕ್ಕ ಒಳಗೆ ಹೋಗಿ ಸಾಹೇಬರ ಮೇಜಿನ ಮುಂದೆ ನಿಂತು ಕೇಳಿದಳು: "ನನ್ನ ಮಗ ಎಲ್ಲದಾನ್ರಿ?"

ಅವಳ ದನಿ ಸಣ್ಣದು, ಆದರೆ ನಡುಗಲಿಲ್ಲ. ಸಾಹೇಬರು ಅವಳನ್ನು ನೋಡಿದರು, ವಕೀಲರನ್ನು ನೋಡಿದರು, ಕೊನೆಗೆ ಏನ್ರಿ ಇದು ಎಂಬಂತೆ ನನ್ನನ್ನು ನೋಡಿದರು. ನಾನು ಮೇಜಿನ ಮೇಲಿದ್ದ ಹಣ್ಣಿನ ಬುಟ್ಟಿ ನೋಡುತ್ತ ನಿಂತೆ. ಸೇಬೆಲ್ಲ ಖಾಲಿಯಾಗಿ ಮೋಸಂಬಿ ಉಳಿದಿದ್ದವು. "ನೋಡೋಣ" ಎಂದು ಅವರು ಶುರು ಮಾಡಿದರು. ವಕೀಲರು, "ಅರೆಸ್ಟ್ ಮಾಡಿದ್ರ ಕಾಗದ ತೋರಿಸ್ರಿ, ಮಾಡಿಲ್ಲಂದ್ರ ಹೊರಗ ಕಳಸ್ರಿ" ಎಂದರು. ಇದನ್ನೇ ಅವರು ಬೇರೆ ಬೇರೆ ಕುರ್ಚಿಯ ಮುಂದೆ, ಒಂದೇ ದನಿಯಲ್ಲಿ, ಬಹಳ ಹೊತ್ತು ಹೇಳುತ್ತಲೇ ಇದ್ದರು. ಒಂದೂ ವಿಶೇಷಣ ಸೇರಿಸಲಿಲ್ಲ. ನಡುವೆ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು, ಸಾಹೇಬರು ಎದ್ದು ನಿಂತು "ಎಸ್ ಸರ್" ಅಂದರು. ದೀಪ ಹಚ್ಚುವ ಹೊತ್ತಿಗೆ, ಇಲ್ಲದಿದ್ದ ಹುಡುಗ ಹಿಂದಿನ ಖೋಲಿಯಿಂದ ಹೊರಗೆ ಬಂದ. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಎಡಗಿವಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದ.

ದವಾಖಾನೆಯಲ್ಲಿ ಕಿವಿಯ ಪರದೆ ಹರಿದಿದೆ ಎಂದರು. ಬಲವಾದ ಏಟು ಬಿದ್ದರೆ ಹೀಗಾಗುತ್ತದಂತೆ. ಎಡಗಿವಿಗೆ ಏನೂ ಕೇಳುತ್ತಿರಲಿಲ್ಲ. ಟಂಟಂ ಹೊಡೆಯುವವನಿಗೆ ಹಿಂದಿನಿಂದ ಬರುವ ಗಾಡಿಯ ಹಾರ್ನು ಯಾವ ಕಡೆಯದು ಎಂದೇ ತಿಳಿಯದಾಯಿತು, ಅಕ್ಕ ಅವನನ್ನು ಮನೆಯಲ್ಲೇ ಕೂರಿಸಿದಳು. ಅನ್ನದ ದಾರಿಯೇ ಮುಚ್ಚಿತು. ಹೊಡೆದವರ ಮೇಲೆ ಜಿಲ್ಲೆಯ ಅಧಿಕಾರಿಗಳಿಗೆ ದೂರು ಕೊಡಲೇಬೇಕು ಎಂದು ವಕೀಲರು ಹೇಳಿದರು, ಅಕ್ಕ ಹೂಂ ಅಂದಳು, ನಾನೂ ಈ ಸಲ ಬಹಳ ಜೋರಾಗಿ ಹೂಂ ಅಂದೆ.

ದೂರಿಗೆ ಠಾಣೆಯಿಂದ ಉತ್ತರ ಬಂದ ಮೇಲೆ ನಮ್ಮನ್ನು ಮತ್ತೆ ಗಿರಣಿಯ ಮೇಲಿನ ಖೋಲಿಗೆ ಕರೆದರು. ವಕೀಲರು ಮೇಜಿನ ಮೇಲೆ ಒಂದು ಝೆರಾಕ್ಸ್ ಇಟ್ಟರು. ಪತ್ರಿಕೆಯಲ್ಲಿ ಬಂದ ಅದೇ ಫೋಟೋ. ಹೊಡೆದಿದ್ದು ಸುಳ್ಳು, ಆ ದಿನವೇ ಹುಡುಗನ ಸೋದರಮಾವ ಠಾಣೆಗೆ ಬಂದು ನಮ್ಮ ಸಿಬ್ಬಂದಿಗೆ ಸಂತೋಷದಿಂದ ಸತ್ಕಾರ ಮಾಡಿದ್ದಾರೆ ಎಂದು ಉತ್ತರದಲ್ಲಿತ್ತು.

"ಇವರು ನೀವೇನ್ರಿ?" ಎಂದರು ವಕೀಲರು.

"ಹೌದ್ರಿ."

"ಸುದ್ದಿ ಬರದವ್ರು ಯಾರು?"

"ಅದೂ ನಾನರಿ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚಲೋ ಇತ್ತು. ಅಳಿಯನ ಹೇಳಿಕೆ ಬರೆದುಕೊಳ್ಳುತ್ತ, ಕಿವಿಗೆ ಏಟು ಬಿದ್ದದ್ದು ಯಾವಾಗ ಎಂದು ಕೇಳಿದರು. ಅವನು ನೆಲ ನೋಡಿದ. ಇನ್ನೊಮ್ಮೆ ಕೇಳಿದರು.

"ಮೊದಲ ಬರೇ ಬಯ್ಯಾಕತ್ತಿದ್ರು ಅಷ್ಟರಿ. ಮನಿಯವರು ಬಂದು ಕೇಳತಾರೇನೋ ಅಂತ ಅಂಜಿಕಿ ಇದ್ದಂಗ ಇತ್ತು. ಮಾಮಾ ಬಂದು ಭಾಷಣ ಮಾಡಿ ಹೋದ ಮ್ಯಾಲ, ಆ ವಿಡಿಯೋದಾಗಿದ್ದಾಂವ ಶಾಲು ಹೊತಗೊಂಡ ಒಳಗ ಬಂದ. 'ನಿಮ್ಮ ಮಂದೀನ ಬಂದು ನನಗ ಶಾಲು ಹೊಚ್ಚಿ ಹೋದ್ರು. ಇನ್ನ ನಿನ್ನ ಕೇಳಾವ್ರು ಯಾರು?' ಅಂದ. ಆಮ್ಯಾಲ ಹೊಡದ."

ಕೆಳಗೆ ಗಿರಣಿ ತಿರುಗುತ್ತಿತ್ತು. ನನಗೆ ಅಳು ಬಂತು, ಅತ್ತೆ. ಅಳಿಯ, "ಇರ್ಲಿ ಬಿಡು ಮಾಮಾ" ಅಂದ. ಅವನು ಹಾಗನ್ನಬಾರದಿತ್ತು.

ವಕೀಲರು ನನಗೆ ನೀರು ಕೊಟ್ಟು ಹೇಳಿದರು: "ವಿಚಾರಣೆಗೆ ನೀವು ಬರಬೇಕ್ರಿ. ಯಾಕ ಸತ್ಕಾರ ಮಾಡಿದ್ರಿ ಅಂತ ಕೇಳತಾರ. ಅಂಜಿ ಮಾಡಿದೆ ಅಂತ ಹೇಳ್ರಿ. ಖರೆ ಅದ ಅಲ್ಲೇನು? ನೀವು ಅದನ್ನ ಹೇಳಲಿಲ್ಲಂದ್ರ ಈ ಫೋಟೋ ಒಂದ ಸಾಕು, ಹುಡುಗನ ದೂರು ಬಿದ್ದು ಹೋಗತೈತಿ."

ಎಷ್ಟು ಸಣ್ಣ ಮಾತು. ಆದರೆ ನನ್ನ ಬಾಯಿಗೆ ಅದು ಬರಲೊಲ್ಲದು. ಇಡೀ ತಾಲೂಕಿನ ವೇದಿಕೆಗಳ ಮೇಲೆ ಎದೆ ಸೆಟೆಸಿ ನಿಂತವನು ನಾನು. ಪದ್ಧತಿ ಎಂದು ಹೇಳಿದರೆ ನಡೆದೀತೇ ಎಂದು ಕೇಳಿದೆ. ಸೌಜನ್ಯ ಎಂದರೆ? ಊರಿನ ಹಿತ? ಅವರು ಎಲ್ಲದಕ್ಕೂ ತಲೆಯಾಡಿಸಿ ಬೇಡವೆಂದರು. ಮನೆಗೆ ಬಂದು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ತಾಲೀಮು ಮಾಡಿದೆ. "ಮಾನ್ಯ ವಿಚಾರಣಾಧಿಕಾರಿಗಳೇ, ಶತಮಾನಗಳಿಂದ ಅತಿಥಿ ಸತ್ಕಾರಕ್ಕೆ ಹೆಸರಾದ ಈ ಗಂಡುಮೆಟ್ಟಿನ ನೆಲದಲ್ಲಿ…" ಎಂದು ಶುರು ಮಾಡಿದ್ದಷ್ಟೇ.

"ಅಂಜಿದ್ದೆ ಅನ್ನಾಕ ಇಷ್ಟು ಮಾತು ಬೇಕೇನ್ರಿ?" ಅಂದಳು ಅವಳು, ಎದ್ದು ಒಳಗೆ ಹೋದಳು.

ವಿಚಾರಣೆ ಬಾಗಲಕೋಟೆಯಲ್ಲಿ. ಸಣ್ಣ ಖೋಲಿ, ಒಂದು ಫ್ಯಾನು, ಟೈಪು ಮಾಡಲು ಒಬ್ಬ ಹೆಣ್ಣುಮಗಳು. ಗೋಡೆಗೆ ಹೊಂದಿದ ಬೆಂಚಿನ ಮೇಲೆ ಅಕ್ಕ, ಅಳಿಯ, ವಕೀಲರು. ಅವರ ಎದುರಿನ ಬೆಂಚಿನಲ್ಲಿ ಸಾಹೇಬರು ಮತ್ತು ಆ ಪೊಲೀಸ. ವಿಚಾರಣಾಧಿಕಾರಿ ನನಗೆ ಫೋಟೋ ತೋರಿಸಿ, "ಈ ಸತ್ಕಾರ ಯಾಕೆ ಮಾಡಿದಿರಿ?" ಎಂದು ಕೇಳಿದರು.

"ಮಾನ್ಯರೇ, ನಮ್ಮ ಭಾಗದಾಗ ದಕ್ಷ, ಪ್ರಾಮಾಣಿಕ…"

"ಅದು ಬೇಡ. ಯಾಕೆ ಮಾಡಿದಿರಿ, ಅಷ್ಟು ಹೇಳಿ."

ಆ ಪೊಲೀಸ ನನ್ನನ್ನೇ ನೋಡುತ್ತಿದ್ದ. ಖರೆ ಹೇಳುತ್ತೇನೆ, ಆಗಲೂ ನನಗೆ ಅಂಜಿಕೆ ಆಯಿತು. ಈ ಭಾಗದಲ್ಲೇ ಬಾಳಬೇಕಾದವನು, ಅಂಗಡಿ ಇರುವವನು. ಟೈಪು ಮಾಡುವಾಕೆ ಬೆರಳು ಎತ್ತಿ ಕಾಯುತ್ತಿದ್ದಳು. ಅಳಿಯ ನನ್ನ ಮಾತು ಕೇಳಿಸಲೆಂದು ಬಲಗಿವಿ ಮುಂದೆ ಮಾಡಿ ಕೂತಿದ್ದ.

"ಅಂಜಿ ಮಾಡಿದೆ ಸರ್" ಎಂದೆ.

"ಕೇಳಿಸಲಿಲ್ಲ. ಜೋರಾಗಿ ಹೇಳಿ."

ನನಗೆ, ಜೋರಾಗಿ ಹೇಳಿ ಎಂದು ಜೀವನದಲ್ಲಿ ಯಾರೂ ಹೇಳಿರಲಿಲ್ಲ.

"ಅಂಜಿದ್ದೆ ಸರ್. ಹುಡುಗನ್ನ ಏನ್ ಮಾಡ್ತಾರೋ ಅಂತ ಅಂಜಿದ್ದೆ, ನನ್ನನ್ನೂ ಒಳಗ ಕೂಡಸ್ತಾರೇನೋ ಅಂತ ಅಂಜಿದ್ದೆ. ಅದಕ್ಕ ಶಾಲು ಹೊಚ್ಚಿದೆ. ಹೊಗಳಿದ್ದೆಲ್ಲಾ ಸುಳ್ಳು."

ಆಕೆ ಅದನ್ನು ಟೈಪು ಮಾಡಿದಳು. ಎರಡು ಸಾಲೂ ಆಗಲಿಲ್ಲ. ದೂರು ಉಳಿಯಿತು. ಆ ಪೊಲೀಸನನ್ನು ಕೆಲಸದಿಂದ ಅಮಾನತ್ತಿನಲ್ಲಿಟ್ಟರು, ಪ್ರಕರಣ ಈಗಲೂ ಕೋರ್ಟಿನಲ್ಲಿ ನಡೆದಿದೆ, ತಾರೀಕಿಗೊಮ್ಮೆ ಹೋಗಿ ಬರುತ್ತೇವೆ. ಅಳಿಯನ ಕಿವಿಗೆ ಆಪರೇಶನ್ ಮಾಡಿದರೆ ಸ್ವಲ್ಪ ಕೇಳಬಹುದು, ಕೇಳದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ.

ವಿಚಾರಣೆ ಮುಗಿದು ಹೊರಗೆ ಬಂದಾಗ ನನಗೆ ಮೈ ಹಗುರಾಗಿತ್ತು, ಸುಳ್ಳು ಯಾಕೆ ಹೇಳಲಿ, ತುಸು ಹೆಮ್ಮೆಯೂ ಆಗಿತ್ತು. ಇಷ್ಟು ಮಂದಿಯ ಮುಂದೆ ಯಾವ ಗಂಡಸು ಹೀಗೆ ಹೇಳಿಯಾನು ಎಂದು ಮನಸ್ಸಿನಲ್ಲೇ ನನಗೆ ನಾನೇ ಒಂದು ಶಾಲು ಹೊಚ್ಚಿಕೊಳ್ಳುತ್ತಿದ್ದೆ. ಅಳಿಯ ನೀರಿನ ಬಾಟಲಿ ತರಲು ರಸ್ತೆ ದಾಟಿದ್ದ. ಅಕ್ಕ ನನ್ನ ಮಗ್ಗುಲಿಗೆ ಬಂದು ನಿಂತಳು. ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆ ಎಂದು ಅವಳ ಮುಖ ನೋಡಿದೆ.

"ನಿನಗ ಅಂಜಿಕಿ ಆಗೇತಿ ಅಂತ ಅವತ್ತ ಮೆಟ್ಟಲ ಹತ್ರ ನನಗ ಹೇಳಬಾರದಿತ್ತೇನೋ ತಮ್ಮಾ? ನಾ ಒಬ್ಬಾಕಿನ ಒಳಗ ಹೋಗಿ ಕೇಳ್ತಿದ್ನಲ್ಲೋ. ನನಗೇನ್ ಅಂಜಿಕಿ ಇದ್ದಿಲ್ಲ."

ಅಷ್ಟು ಹೇಳಿ ಅವಳು ಮಗ ರಸ್ತೆ ದಾಟಿ ಬರುವುದನ್ನೇ ನೋಡುತ್ತ ನಿಂತಳು. ಎಡಗಡೆಯಿಂದ ಒಂದು ಲಾರಿ ಹಾರ್ನು ಹೊಡೆಯುತ್ತ ಬರುತ್ತಿತ್ತು, ಅವನು ಅತ್ತ ನೋಡಲೇ ಇಲ್ಲ. ಅವಳು ಓಡಿ ಹೋಗಿ ಅವನ ಕೈ ಹಿಡಿದು ಎಳೆದುಕೊಂಡಳು.